ಕಾರ್ಬಿಗೆ ಹೋಗಿಬರುತ್ತಿದ್ದ ತಟ್ಟೆ

ಅಲ್ವಿನಾ ಟೋಸ್‌ಟ್ರುಡ್ ಎಂಥವಳು ಎಂದು ನಮ್ಮೂರು ನಾರ್ಡಾಲಿನಲ್ಲಿ ಯಾರನ್ನೇ ಕೇಳಿ, ಒಳ್ಳೇ ಹೆಂಗಸು, ಕೈರುಚಿ ಚೆನ್ನಾಗಿತ್ತು ಎಂದು ಹೇಳಿ ಕಾಫಿ ಲೋಟದ ಕಡೆ ತಿರುಗುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆಕೆ ಒಂದು ಬೆಳಿಗ್ಗೆ ಕೈ ಎತ್ತಿದ್ದಕ್ಕೆ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಹಳೇ ಕೂಟ ಬಿಟ್ಟು ದೊಡ್ಡ ಕೂಟಕ್ಕೆ ಹೋಯಿತು. ಹೋದದ್ದು ಸರಿಯೋ ತಪ್ಪೋ ಎಂದು ಊರು ಇವತ್ತಿಗೂ ಜಗಿಯುತ್ತಿದೆ. ಆ ಕೈ ಎತ್ತುವಾಗ ಆಕೆ ಏನನ್ನು ಕಳೆದುಕೊಳ್ಳುತ್ತಿದ್ದಳು ಎಂದು ಮಾತ್ರ ಒಬ್ಬನಿಗೂ ಗೊತ್ತಿಲ್ಲ. ನನಗೆ ಗೊತ್ತು. ಯಾಕೆಂದರೆ ಅದನ್ನು ನನ್ನ ಬಸ್ಸಿನಲ್ಲೇ ತರುತ್ತಿದ್ದೆ.

ನಾನು ವರ್ಲಿನ್. ತಂಡದ ಬಸ್ಸು ಓಡಿಸುತ್ತಿದ್ದವನು. ತಲೆ ನರೆಯುವ ಮೊದಲೇ ಆ ಸ್ಟೀರಿಂಗ್ ಹಿಡಿದೆ, ನರೆತು ಉದುರಿದ ಮೇಲೂ ಬಿಡಲಿಲ್ಲ.

ಕೂಟ ಎಂದರೆ ಮಹಾ ಏನಲ್ಲ. ಚಳಿಗಾಲವಿಡೀ ಒಬ್ಬರ ಊರಿಗೆ ಒಬ್ಬರು ಹೋಗಿ ಆಡುವ ಎಂಟು ಸಣ್ಣ ಕಾಲೇಜುಗಳ ಬಳಗ. ಎಲ್ಲ ನಮ್ಮ ಡಕೋಟಾ ಬಯಲಿನವೇ, ಬಸ್ಸು ಮುಟ್ಟುವ ದೂರದವೇ. ಪ್ರತಿ ಊರಿಗೂ ಚಳಿಗಾಲದಲ್ಲಿ ನಾವೊಂದು ಸಲ ಹೋಗುತ್ತಿದ್ದೆವು, ಅವರೊಂದು ಸಲ ಬರುತ್ತಿದ್ದರು. ಆಟ ಶನಿವಾರ ಮಧ್ಯಾಹ್ನ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಚರ್ಚಿನ ನೆಲಮಾಳಿಗೆಗೆ ಹೋಗಿ ಒಟ್ಟಿಗೆ ಕೂತು ಉಣ್ಣಬೇಕು. ಎಂಟು ಊರಲ್ಲೂ ಇದೇ ಪದ್ಧತಿ. ಯಾವ ಕಾಲದಲ್ಲೋ ಹಿಮಗಾಳಿಗೆ ರಸ್ತೆ ಮುಚ್ಚಿ, ಬಂದ ತಂಡ ಹೋಗಲಾರದೆ ಸಿಕ್ಕಿಕೊಂಡಾಗ ಹೆಂಗಸರು ಅನ್ನ ಹಾಕಿದ್ದರಂತೆ. ಆಮೇಲೆ ಹಿಮ ಬೀಳಲಿ ಬಿಡಲಿ, ಊಟ ಮಾತ್ರ ನಿಲ್ಲಲಿಲ್ಲ. ನಾರ್ಡಾಲಿನಲ್ಲಿ ಆ ಅಡುಗೆಮನೆಯ ಒಡತಿ ಅಲ್ವಿನಾ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆರೂವರೆ ಅಡಿ ಎತ್ತರದ ಹುಡುಗರು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, ಅಜ್ಜೀ ಇನ್ನೊಂದು ತುಂಡು ಎಂದು ತಟ್ಟೆ ಚಾಚಿದರೆ ಆಕೆಯ ಮುಖದಲ್ಲಿ ದೀಪ ಹಚ್ಚಿದ ಹಾಗಾಗುತ್ತಿತ್ತು.

ಎಂಟು ಊರುಗಳಲ್ಲಿ ಕಾರ್ಬಿ ಒಂದು. ಅಲ್ಲಿಯ ಚರ್ಚಿನ ಅಡುಗೆಮನೆಯ ಒಡತಿ ಆರ್ಡಿಸ್, ಅಲ್ವಿನಾಳ ಸ್ವಂತ ತಂಗಿ. ಅಕ್ಕತಂಗಿಯರಿಗೆ ಮಾತಿಲ್ಲ. ಎರಡು ಗಂಟೆಯ ದಾರಿ, ಇಬ್ಬರ ಹತ್ತಿರವೂ ಕಾರಿದೆ, ಇಬ್ಬರ ಗೋಡೆಯಲ್ಲೂ ಫೋನಿದೆ. ಮಾತಿಲ್ಲ. ಯಾಕೆ ಎಂದು ಕೇಳಿದರೆ ನೀವು ನಗುತ್ತೀರಿ. ನಾನೂ ಮೊದಲ ಸಲ ನಕ್ಕಿದ್ದೆ.

ನಮ್ಮ ಜನರದ್ದು ಒಂದು ಹಾಳು ರೂಢಿ ಇದೆ. ನಾರ್ವೆಯಿಂದ ಬಂದ ಅಜ್ಜಂದಿರು ಹಡಗಿನಲ್ಲಿ ತಂದದ್ದಿರಬೇಕು. ಯಾರಾದರೂ ಏನಾದರೂ ಕೊಟ್ಟರೆ ಮೊದಲನೇ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು, ಸ್ವಲ್ಪ ಮೆತ್ತಗೆ. ಮೂರನೇ ಸಲ ಕೇಳಿದರೆ, ಅಷ್ಟು ಬಲವಂತ ಮಾಡ್ತೀರಲ್ಲ ಎಂದು ಕೈ ಚಾಚಬೇಕು. ಕೇಳುವವರೂ ಮೂರು ಸಲ ಕೇಳಲೇಬೇಕು. ತಟ್ಟೆಯಲ್ಲಿ ಒಂದೇ ತುಂಡು ಸಿಹಿ ಉಳಿದರೆ ಅದನ್ನು ಅರ್ಧ ಮಾಡಿ, ಅರ್ಧದಲ್ಲಿ ಅರ್ಧ ಮಾಡಿ, ಕೊನೆಗೆ ಇರುವೆಗಾಗುವಷ್ಟು ಬಿಟ್ಟು ಏಳುವ ಜನ ನಾವು.

ಅವರ ತಾಯಿ ತೀರಿಕೊಂಡಾಗ ಉಳಿದದ್ದರಲ್ಲಿ ಇಬ್ಬರಿಗೂ ಮನಸ್ಸಿದ್ದ ವಸ್ತು ಒಂದೇ: ಒಲೆಯೊಳಗಿಟ್ಟು ಬೇಯಿಸುವ, ನೀಲಿ ಅಂಚಿನ, ಮೊಟ್ಟೆಯಾಕಾರದ ಆಳವಾದ ತಟ್ಟೆ. ತಾಯಿ ಕ್ರಿಸ್ಮಸ್‌ಗೆ ಅದರಲ್ಲಿ ಅಕ್ಕಿ ಪಾಯಸ ಬೇಯಿಸುತ್ತಿದ್ದಳು, ಮೇಲೆ ದಾಲ್ಚಿನ್ನಿ ಪುಡಿ. ಮಣ್ಣು ಮಾಡಿ ಬಂದ ದಿನ ಅಲ್ವಿನಾ ತಟ್ಟೆ ಎತ್ತಿ, ನೀನಿಟ್ಟುಕೋ ಎಂದಳು. ಆರ್ಡಿಸ್ ಬೇಡ ಎಂದಳು. ಅಕ್ಕ ಮತ್ತೆ ಕೇಳಿದಳು. ತಂಗಿ ಮತ್ತೆ ಬೇಡ ಎಂದಳು, ಮೆತ್ತಗೆ. ಅಷ್ಟರಲ್ಲಿ ಯಾರೋ ಬಂದು ಪಾದ್ರಿಗಳು ಹೊರಡುತ್ತಿದ್ದಾರೆ ಎಂದರು. ಅಲ್ವಿನಾ ಬಾಗಿಲಿಗೆ ಓಡಿದಳು, ಆಮೇಲೆ ಪಾತ್ರೆ ತೊಳೆದಳು, ಅಳುವವರನ್ನು ಸಮಾಧಾನ ಮಾಡಿದಳು, ಸಾಯಂಕಾಲ ತಟ್ಟೆಯನ್ನು ತನ್ನ ಕಾರಿನಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಮೂರನೇ ಸಲ ಕೇಳಲೇ ಇಲ್ಲ. ಆರ್ಡಿಸ್ ಒಂದು ಮಾತೂ ಆಡದೆ ಕಾರ್ಬಿಗೆ ಹೊರಟುಹೋದಳು. ಮುಂದಿನ ಕ್ರಿಸ್ಮಸ್‌ಗೆ ಫೋನು ಬರಲಿಲ್ಲ. ತನ್ನ ತಪ್ಪು ಅಲ್ವಿನಾಗೆ ಆಗ ಹೊಳೆಯಿತು. ಆದರೆ ಆಡಿ ಕ್ಷಮೆ ಕೇಳುವುದು ನಮ್ಮ ಜನಕ್ಕೆ ಗಂಟಲಲ್ಲಿ ಮುಳ್ಳು.

ಆ ಜನವರಿಯಲ್ಲಿ ಕಾರ್ಬಿ ತಂಡ ನಮ್ಮಲ್ಲಿಗೆ ಆಡಲು ಬಂತು. ಅಲ್ವಿನಾ ಆ ತಟ್ಟೆ ತುಂಬ ಪಾಯಸ ಬೇಯಿಸಿ, ಊಟವಾದ ಮೇಲೆ ಟವೆಲ್ ಸುತ್ತಿ, ಕಾರ್ಬಿಯ ಹುಡುಗನೊಬ್ಬನ ತೊಡೆಯ ಮೇಲಿಟ್ಟು ಕಳಿಸಿದಳು. ಚೀಟಿ ಇಲ್ಲ, ಸಂದೇಶ ಇಲ್ಲ. ಪಾಯಸ ಮಾತ್ರ.

ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಕ್ರಮ ನಮ್ಮಲ್ಲಿಲ್ಲ. ಮುಂದಿನ ತಿಂಗಳು ನಾವು ಕಾರ್ಬಿಗೆ ಹೋದಾಗ ಆರ್ಡಿಸ್ ಬಸ್ಸಿನ ಬಾಗಿಲಿಗೆ ಬಂದಳು. ಅಕ್ಕನದೇ ಮೂಗು, ಅಕ್ಕನದೇ ಮೊಂಡು ಗಲ್ಲ. ಅದೇ ತಟ್ಟೆ, ಒಳಗೆ ಸೇಬು ಹೂತಿಟ್ಟ ಸಿಹಿ ಕಡುಬು. "ಇದು ನಿಮ್ಮ ಕಡೆಯೋರದ್ದು ಅನ್ಸುತ್ತೆ" ಎಂದು ನನ್ನ ಕೈಗಿಟ್ಟು, ಬಸ್ಸಿನ ಚಕ್ರ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, "ನಾರ್ಡಾಲಲ್ಲಿ ಹಿಮ ಜಾಸ್ತಿ ಬಿತ್ತಾ?" ಎಂದಳು.

ಬಿತ್ತು ಎಂದೆ. ಅದು ಹಿಮದ ವಿಚಾರ ಅಲ್ಲ ಎಂದು ಹೊಳೆಯುವುದಕ್ಕೆ ನನಗೆ ಅರ್ಧ ದಾರಿ ಬೇಕಾಯಿತು.

ಹಾಗೆ ಶುರುವಾಯಿತು. ಪ್ರತಿ ಚಳಿಗಾಲದಲ್ಲೂ ತಟ್ಟೆ ಒಂದು ಸಲ ಅವರ ಬಸ್ಸಿನಲ್ಲಿ ಹೋಗುತ್ತಿತ್ತು, ಒಂದು ಸಲ ನನ್ನ ಬಸ್ಸಿನಲ್ಲಿ ಬರುತ್ತಿತ್ತು. ತಟ್ಟೆಯ ಓಡಾಟ ಶುರುವಾದಾಗ ಹುಟ್ಟಿರದ ಮಕ್ಕಳು ಬೆಳೆದು ಆಟಗಾರರಾಗಿ ಅದನ್ನು ತೊಡೆಯ ಮೇಲಿಟ್ಟುಕೊಂಡರು. ಹಿಮ ಬಿತ್ತಾ ಎಂದರೆ ಅವಳು ಹೇಗಿದ್ದಾಳೆ. ಗಾಳಿ ಜೋರಾ ಎಂದರೆ ಮಂಡಿನೋವು ಹೇಗಿದೆ. ಹೋದ ಕಡೆ, ಬಂದ ಕಡೆ ಈ ಕತ್ತೆಗಳಿಬ್ಬರಿಗೂ ಹವಾಮಾನ ವರದಿ ಒಪ್ಪಿಸುವುದು ನನ್ನ ಕೆಲಸವಾಯಿತು. ಎಷ್ಟೋ ಸಲ ಸಿಟ್ಟು ಬಂದು, ನೀವೇ ಹೋಗಿ ನೋಡಬಾರದಾ ಎಂದು ಅಲ್ವಿನಾಗೆ ಹೇಳಿದ್ದೇನೆ. ಆಕೆ ಕಿಟಕಿ ನೋಡುತ್ತಾ, ಅವಳು ಕರೆಯಲಿ ನೋಡೋಣ ಎನ್ನುತ್ತಿದ್ದಳು. ಕಾರ್ಬಿಯಲ್ಲಿ ಆರ್ಡಿಸ್‌ಗೆ ಅದನ್ನೇ ಹೇಳಿದರೆ, ಕರೆಯದೆ ಹೋಗುವುದು ಹೇಗೆ ಎನ್ನುತ್ತಿದ್ದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು.

ಆದರೂ ಆ ಕಾರ್ಬಿಯ ದಾರಿ ನೆನೆದರೆ ಇವತ್ತಿಗೂ ಎದೆ ಹಗುರಾಗುತ್ತದೆ. ನಮ್ಮ ಬಯಲಿನಲ್ಲಿ ಚಳಿಗಾಲದ ಇಳಿಹೊತ್ತಿಗೆ ನೆಲಕ್ಕೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತದೆ. ರಸ್ತೆ ಎಲ್ಲಿ, ಹೊಲ ಎಲ್ಲಿ ತಿಳಿಯುವುದಿಲ್ಲ. ಹಿಮದ ಪುಡಿ ಡಾಂಬರಿನ ಮೇಲೆ ಅಡ್ಡಡ್ಡ ಹರಿಯುತ್ತ, ಬಸ್ಸು ನಿಂತಿದೆ, ಭೂಮಿಯೇ ಹೋಗುತ್ತಿದೆ ಅನ್ನಿಸುತ್ತದೆ. ಹಿಂದೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಮಲಗಿರುತ್ತಿದ್ದರು. ಮುಂದಿನ ಸೀಟಿನಲ್ಲಿ ಒಬ್ಬ ಮಾತ್ರ ತಟ್ಟೆ ಹಿಡಿದು, ತೂಕಡಿಸಿದರೂ ಕೈ ಸಡಿಲಿಸದೆ ಕೂತಿರುತ್ತಿದ್ದ. ಬೆಚ್ಚಗಿನ ಟವೆಲಿನೊಳಗಿಂದ ಸೇಬು, ದಾಲ್ಚಿನ್ನಿಯ ವಾಸನೆ ಬಸ್ಸೆಲ್ಲ ಹರಡಿ, ಕಿಟಕಿ ಗಾಜುಗಳಿಗೆ ಆವಿ ಹಿಡಿದು, ನನಗೆ ನನ್ನ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿಕೊಂಡು ಬಸ್ಸು ಓಡಿಸುತ್ತಿದ್ದೇನೆ ಎಂಬ ಭ್ರಮೆ ಬರುತ್ತಿತ್ತು. ದೂರದಲ್ಲಿ ಎಲ್ಲೋ ಒಂದು ಕೊಟ್ಟಿಗೆಯ ದೀಪ. ಅದು ಹತ್ತಿರವಾಗುತ್ತಲೂ ಇರಲಿಲ್ಲ, ದೂರವಾಗುತ್ತಲೂ ಇರಲಿಲ್ಲ. ಆ ದಾರಿ ಮುಗಿಯದೇ ಇದ್ದರೆ ಚೆನ್ನಾಗಿತ್ತು ಎಂದು ನಾನು ಬಯಸಿದ್ದುಂಟು.

ಈಗ ಕೂಟದ ತಾಪತ್ರಯಕ್ಕೆ ಬರುತ್ತೇನೆ.

ನಮ್ಮ ತಂಡ ಅತಿಯಾಗಿ ಗೆಲ್ಲತೊಡಗಿತು. ತೊಂದರೆಯೇ ಅದು. ವರ್ಷ ವರ್ಷವೂ ಕೂಟದಲ್ಲಿ ನಾವೇ ಮೊದಲು. ಆದರೆ ಸಣ್ಣ ಕೂಟದ ಗೆಲುವನ್ನು ದೇಶ ಲೆಕ್ಕಕ್ಕಿಡುವುದಿಲ್ಲ. ಮಾರ್ಚಿನ ದೊಡ್ಡ ಪಂದ್ಯಾವಳಿಗೆ ನಮ್ಮಂಥ ಕೂಟದಿಂದ ಒಂದೇ ತಂಡವನ್ನು ಕರೆಯುತ್ತಾರೆ, ಅದೂ ಕೂಟದ ಕೊನೆಯ ಆಟ ಗೆದ್ದವರನ್ನು. ಚಳಿಗಾಲವೆಲ್ಲ ಗೆದ್ದು ಆ ಒಂದು ದಿನ ಸೋತರೆ ಮನೆಗೆ ನಡೆ. ಆ ವರ್ಷ ನಮಗೆ ಹಾಗೇ ಆಯಿತು. ಒಂದೇ ಒಂದು ಅಂಕದಿಂದ ಸೋತೆವು. ಮಾರನೆಯ ಬೆಳಿಗ್ಗೆ ಬಸ್ಸು ಊರು ಮುಟ್ಟಿದಾಗ ಅಲ್ವಿನಾ ಚರ್ಚಿನ ನೆಲಮಾಳಿಗೆ ತೆರೆದು ಬಿಸಿ ಬಿಸಿ ತಿಂಡಿ ಇಟ್ಟಿದ್ದಳು. ಯಾರೂ ಮುಟ್ಟಲಿಲ್ಲ. ಮಿಲ್ವಾಕಿಯಿಂದ ಬಂದಿದ್ದ ಡೆಸ್ಮಂಡ್ ಎಂಬ ಹುಡುಗ, ಕೊನೆಯ ವರ್ಷದವನು, ಆ ಚಳಿಗಾಲ ಕಾರ್ಬಿಯಿಂದ ತಟ್ಟೆ ಹೊತ್ತು ತಂದವನು ಅವನೇ, ಮೇಜಿನ ಮೇಲೆ ಎರಡು ಕೈಯಿಟ್ಟು ಕೂತಿದ್ದ. ಅಲ್ವಿನಾ ಹೋಗಿ ಅವನ ಪಕ್ಕ ಕೂತಳು.

"ಅಜ್ಜೀ, ಇಡೀ ಚಳಿಗಾಲ ಗೆದ್ವಿ" ಎಂದ. "ಯಾರೂ ನೋಡಲಿಲ್ಲ. ನಮ್ಮಮ್ಮ ಕೂಡ ಒಂದು ಆಟ ನೋಡಲಿಲ್ಲ. ಟಿವಿಲಿ ಬಂದ್ರೆ ನೋಡ್ತೀನಿ ಅಂದಿದ್ಲು."

ಅಲ್ವಿನಾ ಅವನ ಬೆನ್ನ ಮೇಲೆ ಕೈಯಿಟ್ಟು ಕೂತೇ ಇದ್ದಳು.

ಆ ವಸಂತದಲ್ಲೇ ದೊಡ್ಡ ಕೂಟದಿಂದ ಕರೆ ಬಂತು. ಬಂದರೆ ಟಿವಿ ಇದೆ, ಹೆಸರಿದೆ, ಸೋತರೂ ಮಾರ್ಚಿಗೆ ದಾರಿಯಿದೆ. ಆದರೆ ಆಡುವ ಊರುಗಳೆಲ್ಲ ವಿಮಾನದ ದೂರದವು. ಬರುವ ತಂಡ ವಿಮಾನದಲ್ಲಿ ಬಂದು, ಹೋಟೆಲಿನಲ್ಲಿ ಉಂಡು, ವಿಮಾನ ಹತ್ತಿ ಹೋಗುತ್ತದೆ. ನೆಲಮಾಳಿಗೆಯ ಊಟಕ್ಕೆ ಅಲ್ಲಿ ಜಾಗವಿಲ್ಲ. ಕಾರ್ಬಿಯ ಜೊತೆ ಆಟವೂ ಇಲ್ಲ. ಊರು ಎರಡು ಪಾಲಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡವನು ಸಿಟ್ಟಿನಿಂದ ಎದ್ದುಹೋದದ್ದೂ ಉಂಟು. ಪಾದ್ರಿಗಳು ಭಾನುವಾರದ ಮಾತಿನಲ್ಲಿ, ಬಿಟ್ಟು ಹೋದವರನ್ನೂ ದೇವರು ಹರಸುತ್ತಾನೆ, ಉಳಿದವರನ್ನೂ ಹರಸುತ್ತಾನೆ ಎಂದು ಹಾವೂ ಸಾಯದ, ಕೋಲೂ ಮುರಿಯದ ಹಾಗೆ ಮುಗಿಸಿದರು. ನಾನು ಉಳಿಯಬೇಕು ಅನ್ನುವ ಗುಂಪು. ನನ್ನ ಬಸ್ಸಿಗಾಗಿ ಎಂದು ಆಡಿಕೊಂಡರು. ಹೌದು, ಬಸ್ಸಿಗಾಗಿಯೇ. ಅದರಲ್ಲಿ ಮುಚ್ಚುಮರೆ ಏನು.

ತೀರ್ಮಾನ ಮಾಡಬೇಕಾದದ್ದು ಕಾಲೇಜಿನ ಆಡಳಿತ ಮಂಡಳಿ. ಅಲ್ಲಿ ಒಂದು ತಮಾಷೆಯಿದೆ. ಬಹಳ ಹಿಂದೆ ಕಾಲೇಜಿಗೆ ಜಾಗ ಕೊಡಿಸಿದ್ದು ಚರ್ಚಿನ ಹೆಂಗಸರ ಬಳಗ, ಮೊಟ್ಟೆ ಮಾರಿ ಕೂಡಿಸಿದ ಕಾಸಿನಲ್ಲಿ. ಅದರ ಋಣಕ್ಕೆ ಮಂಡಳಿಯಲ್ಲಿ ಒಂದು ಕುರ್ಚಿ ಆ ಬಳಗಕ್ಕೆ. ಸರದಿಯ ಮೇಲೆ ಒಬ್ಬೊಬ್ಬಳು ಕೂರುತ್ತಾಳೆ. ಕೂತವಳ ಕೆಲಸ ಎಂದರೆ ಕಾಫಿ ಬಗ್ಗಿಸುವುದು, ಎಲ್ಲರೂ ಕೈ ಎತ್ತಿದಾಗ ತಾನೂ ಎತ್ತುವುದು. ಆ ವರ್ಷ ಸರದಿ ಅಲ್ವಿನಾಳದ್ದು. ಉಳಿದವರು ಅರ್ಧ ಆ ಕಡೆ, ಅರ್ಧ ಈ ಕಡೆ, ಸರಿಸಮ. ಕಾಫಿ ಬಗ್ಗಿಸುವವಳ ಕೈಯಲ್ಲಿ ಇಡೀ ಊರಿನ ಜುಟ್ಟು ಸಿಕ್ಕಿಕೊಂಡಿತು. ಅಲ್ಲಿಯವರೆಗೆ ಆಕೆಯನ್ನು ಕಣ್ಣೆತ್ತಿ ನೋಡದವರೆಲ್ಲ ಮನೆ ಬಾಗಿಲು ಸವೆಸಿದರು. ಕಾಲೇಜಿನ ಅಧ್ಯಕ್ಷರು ಎರಡು ಸಲ ಬಂದು ಹೋದರು. ಎರಡೂ ಕಡೆಯವರಿಗೂ ಆಕೆ ಕಾಫಿ ಕೊಟ್ಟು, ಯೋಚನೆ ಮಾಡ್ತೀನಿ ಎಂದಳು.

ನನಗೆ ಧೈರ್ಯವಿತ್ತು. ಆಕೆ ಹೇಗೆ ಬಿಟ್ಟಾಳು ಎಂದುಕೊಂಡಿದ್ದೆ. ಈಚಿನ ವರ್ಷಗಳಲ್ಲಿ ಕಾರ್ಬಿಯವರು ನಮ್ಮಲ್ಲಿಗೆ ಬರುತ್ತಿದ್ದದ್ದು ಚಳಿಗಾಲದ ಕೊನೆಗೆ, ಹಾಗಾಗಿ ತಟ್ಟೆ ಪಾಯಸ ತುಂಬಿಕೊಂಡು ಆರ್ಡಿಸ್ ಮನೆಗೆ ಹೋಗಿತ್ತು. ನಾವು ಕೂಟ ಬಿಟ್ಟರೆ ಅದನ್ನು ತರುವ ಬಸ್ಸೇ ಇಲ್ಲ. ಸಭೆಯ ಹಿಂದಿನ ದಿನ ಬೆಳಿಗ್ಗೆ ಆಕೆಯ ಅಡುಗೆಮನೆಯಲ್ಲಿ ಕೂತು ಇದನ್ನೇ ಹೇಳಿದೆ. ಹೊರಗೆ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಆಕೆ ಹಿಟ್ಟು ನಾದುತ್ತಿದ್ದಳು.

"ತಟ್ಟೆ ಅಲ್ಲೇ ಉಳಿದುಹೋಗುತ್ತೆ" ಎಂದೆ.

"ಉಳೀಲಿ. ಮೊದಲಿಂದ ಅವಳದ್ದೇ ಆಗ್ಬೇಕಿತ್ತು."

"ಅವಳ ಸುದ್ದಿ ನಿಮಗೆ ಯಾರು ಹೇಳ್ತಾರೆ?"

ನಾದುವ ಕೈ ನಿಂತಿತು. ಎಲ್ಲಿಗೋ ಹೋಗಿ ಬಂದವಳ ಹಾಗೆ ಆಕೆ ಹೇಳಿದಳು, "ವರ್ಲಿನ್, ಎಷ್ಟೋ ಮಧ್ಯಾಹ್ನ ಹೀಗೇ ಕೂತಿದ್ರೆ ಕಣ್ಮುಂದೆ ನಿನ್ನ ಬಸ್ಸು ಬರುತ್ತೆ. ಬೆಳ್ಳಗೆ ಬಯಲು, ಅದರಲ್ಲಿ ಬಸ್ಸು. ಒಳಗೆ ಅವಳು ಮಾಡಿದ್ದು ಬಿಸಿಯಾಗಿರುತ್ತೆ. ಅಷ್ಟು ನೆನೆಸ್ಕೊಂಡ್ರೆ ನಂಗೆ ಒಂದು ವಾರ ಸಾಕು."

"ಮತ್ತೆ ಯಾಕೆ ಬಿಡ್ತೀರಿ?"

"ಆ ಹುಡುಗ ತಿಂಡಿ ಮುಟ್ಟಲಿಲ್ಲ ನೋಡು. ಮಕ್ಕಳಿಗೆ ಊಟ ಹಾಕೋದು ಬೆಳೀಲಿ ಅಂತ. ಬೆಳೆದ ಮೇಲೆ ಬಾಗಿಲು ಹಾಕಿ ಕೂರಿಸ್ಕೊಳ್ಳೋಕಲ್ಲ. ನಂಗೆ ಪಾಯಸ ಬೇಕು ಅಂತ ಅವರನ್ನ ಇಲ್ಲಿ ಕಟ್ಟಿ ಹಾಕ್ಲಾ?"

ನನಗೆ ಸಿಟ್ಟು ಬಂತು. ಆರ್ಡಿಸ್‌ಗೆ ಒಂದು ಫೋನು ಮಾಡಿ ಮೊದಲೇ ಹೇಳಿಬಿಡಿ, ಪೇಪರಿನಲ್ಲಿ ಓದಿದರೆ ನೊಂದುಕೊಳ್ಳುತ್ತಾಳೆ ಎಂದೆ. ಆಕೆ ಫೋನಿನ ಕಡೆ ನೋಡಿದಳು. ಮತ್ತೆ ಹಿಟ್ಟು ನಾದತೊಡಗಿದಳು. ಅಷ್ಟಕ್ಕೆ ಮಾತ್ರ ಆಕೆಯ ಧೈರ್ಯ ಸಾಲಲಿಲ್ಲ.

ಮಾರನೆಯ ಬೆಳಿಗ್ಗೆ ನಾನೇ ಕರೆದುಕೊಂಡು ಹೋದೆ. ಸಭೆಯ ಕೋಣೆಯ ಗಾಜಿನ ಬಾಗಿಲಾಚೆ ನಿಂತು ನೋಡುತ್ತಿದ್ದೆ. ಬಿಸಿಲು ಮೇಜಿನ ಮೇಲೆ ಉದ್ದಕ್ಕೂ ಬಿದ್ದಿತ್ತು, ಅದರಲ್ಲಿ ಧೂಳು ನಿಧಾನಕ್ಕೆ ತೇಲುತ್ತಿತ್ತು. ಆಕೆ ಎಲ್ಲರಿಗೂ ಕಾಫಿ ಬಗ್ಗಿಸಿ, ಹೂಜಿ ಕೆಳಗಿಟ್ಟು, ಏಪ್ರನ್‌ಗೆ ಕೈ ಒರೆಸಿಕೊಂಡು, ಆ ಕೈಯನ್ನೇ ಎತ್ತಿದಳು. ಮಗು ನಿದ್ದೆಯಲ್ಲಿ ಕೈ ಎತ್ತಿದ ಹಾಗಿತ್ತು. ಅಷ್ಟರಲ್ಲಿ ಮುಗಿದೇಹೋಯಿತು. ಅಧ್ಯಕ್ಷರು ಆಕೆಯ ಕೈ ಕುಲುಕಿದರು. ಸೋತ ಕಡೆಯವರು ಮುಖ ತಿರುಗಿಸಿದರು.

ಹೊಸ ಕೂಟದಲ್ಲಿ ಮೊದಲ ವರ್ಷ ನಮಗೆ ಏಟು ಚೆನ್ನಾಗಿ ಬಿದ್ದವು. ಎರಡನೇ ವರ್ಷವೂ. ಆಮೇಲೆ ಮಾರ್ಚಿಗೆ ಕರೆ ಬಂತು, ಹುಡುಗರು ಟಿವಿಯಲ್ಲೂ ಬಂದರು, ನಾನು ಒಬ್ಬನೇ ಮನೆಯಲ್ಲಿ ಕೂತು ಹುಚ್ಚನ ಹಾಗೆ ಕೂಗಿದ್ದೂ ಉಂಟು. ಈಗ ಶಾಲೆಯ ಮಕ್ಕಳ ಬಸ್ಸು ಓಡಿಸುತ್ತೇನೆ, ಎರಡು ಮೈಲಿ ಆಚೆ, ಎರಡು ಮೈಲಿ ಈಚೆ. ಆ ಮಾತು ಇರಲಿ. ನನಗೆ ಹೇಳಬೇಕಾಗಿರುವುದು ಆ ದಿನದ ಮಧ್ಯಾಹ್ನ.

ಮನೆಗೆ ಕರೆತಂದ ಮೇಲೆ ಅಲ್ವಿನಾ ಕೋಟೂ ಬಿಚ್ಚದೆ ಒಲೆ ಹಚ್ಚಿ ಆಲೂಗಡ್ಡೆ ಬೇಯಲು ಇಟ್ಟಳು. ಉಂಡು ಹೋಗು ಎಂದಳು. ಬೇಡ ಎಂದು ಹೇಳುವುದಕ್ಕೂ ನನಗೆ ಮನಸ್ಸಿರಲಿಲ್ಲ, ಕೂತೆ. ರೇಡಿಯೋದವರು ಆಗಲೇ ಸುದ್ದಿ ಹೇಳಿಬಿಟ್ಟಿದ್ದರು ಎಂದು ನಮಗೆ ತಿಳಿದಿರಲಿಲ್ಲ. ಗೋಡೆಯ ಫೋನು ಬಡಿದುಕೊಂಡಿತು. ಆಕೆ ಎತ್ತಿ ಹಲೋ ಎಂದಳು. ಆಮೇಲೆ ಆಕೆಯ ಬಾಯಿಂದ "ಆರ್ಡಿಸ್" ಎಂದಷ್ಟೇ ಬಂತು, ಕೈ ಹಿಂದಕ್ಕೆ ಚಾಚಿ ಕುರ್ಚಿ ತಡಕಿ ಕೂತಳು.

ಆ ಕಡೆಯ ದನಿ ಅಡುಗೆಮನೆಗೆಲ್ಲ ಕೇಳುತ್ತಿತ್ತು. ಅಷ್ಟು ಜೋರು.

"ಕೈ ಎತ್ತಿದೆಯಂತೆ."

"ಹುಡುಗರಿಗೋಸ್ಕರ ಕಣೆ, ಅವರು ಪಾಪ..."

"ಹುಡುಗರ ಮಾತು ನಾನು ಆಡ್ತಿಲ್ಲ. ಅವರು ಎಲ್ಲಿ ಬೇಕಾದ್ರೂ ಆಡ್ಕೊಳ್ಳಲಿ. ವರ್ಷಕ್ಕೊಂದು ಸಲ ನಿನ್ನ ಕೈಯಡುಗೆ ನನ್ನ ಬಾಯಿಗೆ ಬೀಳ್ತಿತ್ತು, ಅದನ್ನೂ ಕಿತ್ಕೊಂಡ್ಯಲ್ಲೇ ಅಲ್ವಿನಾ. ನಂಗಿನ್ಯಾರಿದ್ದಾರೆ?"

ನಮ್ಮ ಜನ ಇಂಥ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಸಾಯುವಾಗಲೂ ಆಡುವುದಿಲ್ಲ. ಅಲ್ವಿನಾಳ ಮುಖ ಒಂದು ಕ್ಷಣ ಪೂರಾ ಬಿಳಿಚಿಕೊಂಡಿತು. ಆಮೇಲೆ ಕುತ್ತಿಗೆಯಿಂದ ಮೇಲಕ್ಕೆ ಕೆಂಪು ಏರಿತು. ನಾನು ಆ ಹೆಂಗಸಿನ ಗಂಟಲಲ್ಲಿ ಎಂದೂ ಕೇಳಿರದ ದನಿ ಹೊರಟಿತು.

"ನಾನೇನು ಸತ್ತಿದ್ದೀನೇನೇ? ಎರಡು ಗಂಟೆ ದಾರಿ. ಬಂದು ಬಾಗಿಲು ತಟ್ಟೋಕೆ ನಿನಗೇನು ಧಾಡಿ?"

"ನೀನು ಕರೀಲಿಲ್ಲ."

"ನೀನು ಬರ್ಲಿಲ್ಲ."

ಮುಂದಕ್ಕೆ ಯಾರು ಏನಂದರೋ ದೇವರೇ ಬಲ್ಲ, ಇಬ್ಬರೂ ಒಟ್ಟಿಗೇ ಶುರುಮಾಡಿದರು. ತಾಯಿ, ತಾಯಿಯ ಕಾಯಿಲೆ, ಯಾರು ಎಷ್ಟು ದಿನ ನೋಡಿಕೊಂಡರು, ಯಾರ ಮದುವೆಗೆ ಯಾರು ಎಂಥ ಬಟ್ಟೆ ಹಾಕಿಕೊಂಡು ಬಂದರು, ಎಲ್ಲ ಬಂತು. ಆಲೂಗಡ್ಡೆಯ ನೀರು ಉಕ್ಕಿ ಒಲೆಯ ಮೇಲೆ ಚೆಲ್ಲಿ ಸುಯ್ಯೆಂದಿತು. ನಾನೇ ಎದ್ದು ಒಲೆ ಆರಿಸಿದೆ. ಅಲ್ವಿನಾ ಅತ್ತ ನೋಡಲೂ ಇಲ್ಲ. ಕೋಟು ಹಾಕಿಕೊಂಡೇ, ಗೋಡೆಗೆ ಮುಖಮಾಡಿ, ಮುಖದ ಮೇಲೆ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ತಂಗಿಯನ್ನು ಬಾಯಿ ತುಂಬ ಬೈಯುತ್ತಿದ್ದಳು.